ಕಲ್ಲಿಗಿಂತ ಗಟ್ಟಿಯಾದ ಗಾರೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಬ್ಬ ದೊರೆಯ ಬಂಗಲೆ ಇತ್ತು. ಬಂಗಲೆಗೆ ಹೋಗುವ ದಾರಿಗೆ ಅಡ್ಡಲಾಗಿ ಒಂದು ಕಲ್ಲಿನ ಕಮಾನು. ಮುನ್ನೂರು ವರ್ಷದ್ದು. ಎರಡು ಆನೆ ಜೋಡಿಯಾಗಿ ನಡೆದುಹೋಗುವಷ್ಟು ಅಗಲ. ಮೈತುಂಬ ದ್ರಾಕ್ಷಿಬಳ್ಳಿ, ಬಳ್ಳಿಯ ನಡುವೆ ಹಕ್ಕಿ, ನೆತ್ತಿಗಲ್ಲಿನ ಮೇಲೆ ಒಬ್ಬ ಹೆಂಗಸಿನ ಮುಖ. ಆ ಮನೆಗೆ ಮೊಟ್ಟಮೊದಲು ಸೊಸೆಯಾಗಿ ಬಂದವಳ ಮುಖವಂತೆ ಅದು. ಆ ಮನೆಯ ಯಾವ ಹೆಣ್ಣುಮಗಳಿಗೆ ಮದುವೆಯಾದರೂ ಅವಳು ಕಮಾನಿನ ಕೆಳಗೆ ನಿಂತು, ತಲೆಯೆತ್ತಿ ಆ ಮುಖವನ್ನು ಒಮ್ಮೆ ನೋಡಿ, ಆಮೇಲೆ ಗಂಡನ ಗಾಡಿ ಹತ್ತಬೇಕು. ನಮ್ಮಲ್ಲಿ ಮದುಮಗಳಿಗೆ ಅರುಂಧತಿ ನಕ್ಷತ್ರ ತೋರಿಸುವುದಿಲ್ಲವೇ, ಹಾಗೆ.

ಆ ದೊರೆ ನಮ್ಮ ಸೀಮೆಯಲ್ಲಿ ಇಪ್ಪತ್ತು ವರ್ಷ ಅಧಿಕಾರ ಮಾಡಿದವನು. ಕನ್ನಡ ಚೆನ್ನಾಗಿ ಬರುತ್ತಿತ್ತು. ಕನ್ನಡದಲ್ಲಿ ಬೈಯುವುದು ಇನ್ನೂ ಚೆನ್ನಾಗಿ ಬರುತ್ತಿತ್ತು. ಅವನು ತನ್ನ ಊರಿಗೆ ವಾಪಸಾದಾಗ ಕಮಾನಿನ ಮೂರು ಕಲ್ಲು ಮಳೆಗಾಳಿಗೆ ಸವೆದು ಬಿರುಕು ಬಿಟ್ಟಿದ್ದವು. ಅವನಿಗೆ ಕರೇಬಂಡಹಳ್ಳಿಯ ವೀರಾಚಾರಿ ನೆನಪಾದ. ಹಡಗಿನ ಚೀಟಿ ಕಳಿಸಿ ಕರೆಸಿಕೊಂಡ.

ಕರೇಬಂಡಹಳ್ಳಿ ಕಲ್ಲು ಅಂದರೆ ಅದು ಬರೀ ಕಲ್ಲಲ್ಲ. ಹೊಡೆದರೆ ಗಂಟೆಯ ಹಾಗೆ ಠಣ್ ಅನ್ನುತ್ತದೆ. ಚಾಣದ ಮೊನೆ ದಿನಕ್ಕೆ ಹತ್ತು ಸಲ ಮೊಂಡಾಗುತ್ತದೆ. ಅಂಥ ಕಲ್ಲಿನಲ್ಲಿ ನಂದಿಯ ಕೊರಳಿನ ಗೆಜ್ಜೆಯೊಳಗೆ ಅಲುಗಾಡುವ ಗುಂಡು ಕೆತ್ತಿದವನು ವೀರಾಚಾರಿ. ವಯಸ್ಸು ಇಪ್ಪತ್ತನಾಲ್ಕು. ಮೀಸೆ ಆಗಷ್ಟೇ ತಿರುವುವ ಹದಕ್ಕೆ ಬಂದಿತ್ತು, ತಿರುವುತ್ತಲೇ ಹಡಗು ಹತ್ತಿದ.

ಕಮಾನನ್ನು ನೋಡಿಕೊಳ್ಳಲು ಅಲ್ಲಿ ಒಬ್ಬ ಮುದುಕ ಇದ್ದ. ಹೆಸರು ಏಬೆಲ್. ಅವನಪ್ಪ, ಅವನಜ್ಜ, ಎಲ್ಲರೂ ಅದೇ ಕಮಾನಿನ ಕೆಲಸದವರು. ಕಮಾನಿನ ಬುಡದಲ್ಲೇ ಎರಡು ಕೋಣೆಯ ಒಂದು ಮನೆ. ಕೆಲಸ ಇರುವ ತನಕ ಮನೆ; ಕೆಲಸ ಹೋದರೆ ಮನೆಯೂ ಹೋಯಿತು. ಎಪ್ಪತ್ತು ದಾಟಿದ ಮುದುಕನಿಗೆ ಇನ್ನೆಲ್ಲೂ ಸೂರಿರಲಿಲ್ಲ.

ಬಂದ ದಿನವೇ ವೀರಾಚಾರಿ ಅಲ್ಲಿನ ಕಲ್ಲನ್ನು ಉಗುರಿನಿಂದ ಕೆರೆದು ನೋಡಿದ. ಬಿಳಿ ಪುಡಿ ಉದುರಿತು.

"ದೊರೆಗಳೇ, ಇದು ಕಲ್ಲೋ ಬೆಲ್ಲವೋ? ನಮ್ಮೂರಲ್ಲಿ ಇದನ್ನ ಹಲ್ಲಿಲ್ಲದ ಮುದುಕರು ಬಾಯಾಡಿಸೋಕೆ ಇಟ್ಕೋತಾರೆ."

ದೊರೆ ನಕ್ಕು ಅದನ್ನು ಇಂಗ್ಲಿಷಿನಲ್ಲಿ ಏಬೆಲ್‌ಗೆ ಹೇಳಿದ. ಏಬೆಲ್ ಕೂಡ ನಕ್ಕ. "ನನ್ನ ಹಲ್ಲೂ ಹೋಗಿವೆ. ಅದಕ್ಕೇ ನನಗೂ ಈ ಕಲ್ಲಿಗೂ ಹೊಂದಿಕೆ" ಅಂದ.

ಆರು ತಿಂಗಳಾಗುವಷ್ಟರಲ್ಲಿ ಅವರ ಮಾತು ವೀರಾಚಾರಿಗೆ ಅಷ್ಟಿಷ್ಟು ಒಗ್ಗಿತು. ಏಬೆಲ್‌ನನ್ನು ಅವನು ತಾತ ಅನ್ನುತ್ತಿದ್ದ. ಆ ಒಂದು ಕನ್ನಡ ಮಾತು ಮುದುಕನಿಗೂ ರೂಢಿಯಾಗಿ, ಕರೆದರೆ ಓಗೊಡುತ್ತಿದ್ದ. ಅಷ್ಟರಲ್ಲಿ ವೀರಾಚಾರಿ ಅಲ್ಲಿನ ಗಣಿಯಿಂದಲೇ ತರಿಸಿದ ಮೂರು ಹೊಸ ಕಲ್ಲು ಕೆತ್ತಿ ಮುಗಿಸಿದ್ದ. ಕೆತ್ತನೆ ಅಂದರೆ ಕೆತ್ತನೆ. ಎಲೆಯ ನರಗಳು ಎಣಿಸುವ ಹಾಗಿದ್ದವು. ದ್ರಾಕ್ಷಿಯ ಮೇಲೆ ಒಂದು ಇರುವೆ ಬೇರೆ. ಸುತ್ತಲ ಹಳ್ಳಿಯವರು ಭಾನುವಾರ ಚರ್ಚು ಮುಗಿಸಿ ಕಲ್ಲು ನೋಡಲು ಬರುತ್ತಿದ್ದರು. ಅವನು ಎದೆ ಉಬ್ಬಿಸಿ ಪಕ್ಕದಲ್ಲಿ ನಿಲ್ಲುತ್ತಿದ್ದ. ದೊರೆ ಅವನಿಗೆ ಒಂದು ಮಾತು ಕೊಟ್ಟಿದ್ದ: ಕೆಲಸ ಮುಗಿದ ಮೇಲೆ ಕನ್ನಡ ಸೀಮೆಯ ಅರಮನೆಗೆ ಶಿಫಾರಸು ಪತ್ರ. ವೀರಾಚಾರಿ ಆ ಸುದ್ದಿಯನ್ನು ಆಗಲೇ ಊರಿಗೆ ಬರೆದೂ ಆಗಿತ್ತು.

ಹಳೆಯ ಮೂರು ಕಲ್ಲು ಬಿಚ್ಚಿ, ಕಮಾನು ಕುಸಿಯದ ಹಾಗೆ ಕೆಳಗೆ ದಪ್ಪ ಮರಗಳ ಆಸರೆ ಕೊಟ್ಟಿದ್ದರು. ಇನ್ನು ಹೊಸ ಕಲ್ಲು ಕೂರಿಸುವುದು. ಏಪ್ರಿಲ್ಲಿನಲ್ಲಿ ದೊರೆಯ ಮಗಳು ಲೂಸಿಯ ಮದುವೆ. ಆಗ ನವೆಂಬರ್. ಏಬೆಲ್ ಆಕಾಶ ನೋಡಿ ತಲೆಯಾಡಿಸಿದ.

"ಈಗ ಬೇಡ. ಚಳಿಯಲ್ಲಿ ಸುಣ್ಣದ ಗಾರೆ ಹಿಡಿಯಲ್ಲ. ಮೇ ತಿಂಗಳು ಬರಲಿ, ನಿಧಾನಕ್ಕೆ ಕೂರಿಸೋಣ."

"ಮದುವೆ?"

"ಆಸರೆ ಮರದ ಕೆಳಗೆ ಹಾದು ಹೋಗ್ತಾಳೆ. ಮುಖ ಕಾಣಿಸುತ್ತಲ್ಲ, ಅಷ್ಟು ಸಾಕು."

"ಮದುವೆ ಮನೆ ಬಾಗಿಲಿಗೆ ಊರುಗೋಲಾ, ತಾತ? ನಮ್ಮೂರಲ್ಲಾದರೆ ಬೀಗರು ಅಲ್ಲಿಂದಲೇ ವಾಪಸ್ ಹೋಗ್ತಾರೆ. ಕುದುರೆ ಲಾಯದಲ್ಲಿ ಸಿಮೆಂಟು ಮೂಟೆ ಬಿದ್ದಿವೆ. ಎರಡು ದಿನದಲ್ಲಿ ಕಬ್ಬಿಣ ಆಗುತ್ತೆ."

"ಸಿಮೆಂಟು ಕುದುರೆ ನಿಲ್ಲೋ ನೆಲಕ್ಕೆ ಸರಿ. ಇದಕ್ಕೆ ಬೇಡ. ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು."

ವೀರಾಚಾರಿ ಬಿದ್ದು ಬಿದ್ದು ನಕ್ಕ. "ಹಿಡಿದುಕೊಳ್ಳೋ ಕೈ ಮೆತ್ತಗಿರಬೇಕು ಅಂತ ನಿಮಗೆ ಯಾರು ಹೇಳಿದ್ರು ತಾತ?"

"ನನ್ನಪ್ಪ" ಅಂದ ಏಬೆಲ್. ಆ ಮನುಷ್ಯನಿಗೆ ಮಾತು ಬೆಳೆಸಿ ಅಭ್ಯಾಸವಿರಲಿಲ್ಲ.

ಆ ವಾರವೇ ಮುದುಕ ಎದೆಗೆ ಕಫ ಕಟ್ಟಿ ಹಾಸಿಗೆ ಹಿಡಿದ. ಎಂಟು ದಿನ ಏಳಲಿಲ್ಲ. ವೀರಾಚಾರಿ ನೋಡುವಷ್ಟು ನೋಡಿದ. ದಿನಾ ಬೆಳಿಗ್ಗೆ ತನ್ನ ಮೂರು ಕಲ್ಲು ನೆಲದ ಮೇಲೆ ಬಿದ್ದಿರುವುದು, ಅವುಗಳ ಮೇಲೆ ಎಲೆ ಉದುರುವುದು. ಮದುವೆಗೆ ನೂರಾರು ಗಾಡಿಯಲ್ಲಿ ಜನ ಬರುತ್ತಾರೆ, ತನ್ನ ಕೆಲಸ ಗೋಣಿಚೀಲದ ಕೆಳಗಿರುತ್ತದೆ. ಅವನಿಂದ ತಡೆಯಲಾಗಲಿಲ್ಲ. ಲಾಯದಿಂದ ಎರಡು ಮೂಟೆ ತಂದ. ಸಿಮೆಂಟು ಕಲಸಿ ಮೂರು ಕಲ್ಲನ್ನೂ ಕೂರಿಸಿದ. ಕೈ ಓಡಿತು, ನಿಲ್ಲಿಸಲಾಗಲಿಲ್ಲ. ಮುಖದ ಕಲ್ಲಿನ ಎರಡೂ ಬದಿಯ ಹಳೆಯ ಸಂದುಗಳನ್ನೂ ಕೆರೆದು ಸಿಮೆಂಟು ತುಂಬಿದ. ಮೇಲೆ ತೆಳುವಾಗಿ, ತಾತನ ಗುಂಡಿಯಲ್ಲಿದ್ದ ಸುಣ್ಣದ ಗಾರೆಯನ್ನೇ ಸವರಿದ. ಬೂದಿ ಬಣ್ಣ ಮುಚ್ಚಿಹೋಯಿತು.

ಏಬೆಲ್ ಕೋಲೂರಿಕೊಂಡು ಬಂದಾಗ ಕಮಾನು ನಿಂತಿತ್ತು. ಆಸರೆ ಮರ ಪಕ್ಕದಲ್ಲಿ ಮಲಗಿದ್ದವು.

"ಗಾರೆಯಲ್ಲೇ ಕೂರಿಸಿದೆಯಾ?"

"ನಿಮ್ಮ ಗುಂಡೀದೇ ತಾತ."

"ಈ ಚಳಿಯಲ್ಲಿ ಹೇಗೆ ಹಿಡೀತು?"

ಸುಳ್ಳಿಗೆ ಬೇರು ಬೇಕಾಗುತ್ತದೆ. ವೀರಾಚಾರಿ ತನ್ನ ಊರಿನ ಮಣ್ಣಿನಲ್ಲೇ ಬೇರು ಹುಡುಕಿದ. "ನಮ್ಮವ್ವ ಗಾರೆ ಅರೆಯೋಳು. ಬೆಲ್ಲ, ಅಳಲೆಕಾಯಿ ನೀರು ಬೆರೆಸ್ತಾಳೆ. ಅದು ಎಂಥಾ ಚಳಿಗೂ ಹಿಡಿಯುತ್ತೆ. ನಮ್ಮ ಹಿರೀಕರ ಗುಟ್ಟು."

ಅವ್ವ ಗಾರೆ ಅರೆಯುವವಳು ಅನ್ನುವುದೊಂದು ನಿಜ. ಕೆರೆ ತೂಬಿನ ಕೆಲಸಕ್ಕೆ, ಗುಡಿ ಕೆಲಸಕ್ಕೆ ಕೂಲಿಯವರ ಜೊತೆ ಕೂತು ದಿನವೆಲ್ಲ ಅರೆಯುತ್ತಿದ್ದಳು. ಶಿಲ್ಪಿಯ ತಾಯಿ ಹೀಗೆ ಕೂರುವುದು ವೀರಾಚಾರಿಗೆ ಸರಿಬರುತ್ತಿರಲಿಲ್ಲ. ಅವಳ ಹತ್ತಿರ ಹೋಗಿ ಏನು ಬೆರೆಸುತ್ತೀಯ, ಎಷ್ಟು ಬೆರೆಸುತ್ತೀಯ ಎಂದು ಅವನು ಒಂದು ದಿನವೂ ಕೇಳಿದವನಲ್ಲ.

ಏಬೆಲ್ ತನ್ನ ಟೊಪ್ಪಿಗೆ ತೆಗೆದ. "ಅಷ್ಟು ತಿಳಿದವರು ನಿನ್ನ ತಾಯಿ. ನನಗೆ ಗೊತ್ತಿರಲಿಲ್ಲ" ಅಂದ. ದೊರೆ ಬಂದು ವಿಚಾರಿಸಿದಾಗ ಬೆಲ್ಲದ ಗಾರೆಯ ವಿಷಯ ಹೇಳಿ, ಕಮಾನಿನ ಬುಡದ ಮೇಲೆ ಕೈಯಿಟ್ಟು, "ಇದಕ್ಕೆ ನಾನು ಹೊಣೆ" ಅಂದ. ಅವರ ವಂಶದವರು ಪ್ರತಿ ಸಲವೂ ಕೆಲಸ ಒಪ್ಪಿಸುತ್ತಿದ್ದುದು ಹೀಗೇ. ವೀರಾಚಾರಿಗೆ ಒಂದು ಗಳಿಗೆ ಒಳಗೆ ಏನೋ ಚುಚ್ಚಿತು. ಅಷ್ಟರಲ್ಲಿ ಮನೆಯವರೆಲ್ಲ ಹೊಗಳಲು ಶುರು ಮಾಡಿದರು. ಚುಚ್ಚಿದ್ದು ಮರೆತುಹೋಯಿತು.

ಮಳೆ ಬಂತು. ಮಳೆಯ ಮೇಲೆ ಹಿಮ ಬಂತು. ಆ ಕಲ್ಲು ನೀರು ಕುಡಿಯುವ ಕಲ್ಲು. ಮುನ್ನೂರು ವರ್ಷ ಅದು ಕುಡಿದ ನೀರೆಲ್ಲ ಮೆತ್ತನೆಯ ಗಾರೆಯ ಸಂದಿನಿಂದ ಆರಿ ಹೋಗುತ್ತಿತ್ತು. ಈಗ ಸಂದಿಗೆ ಬೀಗ ಬಿದ್ದಿತ್ತು. ನೀರು ಕಲ್ಲಿನೊಳಗೇ ನಿಂತು, ಹೆಪ್ಪುಗಟ್ಟಿ, ಉಬ್ಬಿತು.

ಫೆಬ್ರವರಿಯ ಒಂದು ಬೆಳಿಗ್ಗೆ ತೋಟದ ಮಾಲಿ ನೆಡ್ ಓಡಿಬಂದ. ಎಲ್ಲರೂ ಹೋಗಿ ನೋಡಿದರೆ, ಕಮಾನಿನ ಕೆಳಗೆ ಹೆಂಗಸಿನ ಮುಖ ಚೂರುಚೂರಾಗಿ ಬಿದ್ದಿತ್ತು. ಮೂಗು ಒಂದು ಕಡೆ, ಅರ್ಧ ತುಟಿ ಒಂದು ಕಡೆ. ಅಕ್ಕಪಕ್ಕದ ಹಳೆಯ ಬಳ್ಳಿಯೂ ಹೊಪ್ಪಳೆಯೆದ್ದು ಉದುರಿತ್ತು. ವೀರಾಚಾರಿಯ ಮೂರು ಕಲ್ಲಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ; ಅವು ಹೊಸ ಕಲ್ಲು, ಮುನ್ನೂರು ವರ್ಷ ಮಳೆ ತಿಂದು ಸೊರಗಿದವಲ್ಲ. ಅವನ ಇರುವೆ ಅವನ ದ್ರಾಕ್ಷಿಯ ಮೇಲೆ ಹಾಗೇ ಕೂತಿತ್ತು.

ಲೂಸಿ ಚೂರುಗಳನ್ನು ಮಡಿಲಿಗೆ ಆಯ್ದುಕೊಳ್ಳುತ್ತಿದ್ದಳು. ಅವಳ ತಾಯಿ ಈ ಮನೆಗೆ ಸೊಸೆಯಾಗಿ ಬಂದ ದಿನ ತಲೆಯೆತ್ತಿ ನೋಡಿದ್ದ ಮುಖ ಅದು. ತಾಯಿ ಈಗ ಇರಲಿಲ್ಲ.

ಏಬೆಲ್ ಏಣಿ ಹತ್ತಿದ. ಸಂದನ್ನು ಹೆಬ್ಬೆರಳ ಉಗುರಿನಿಂದ ಕೆರೆದ. ಸುಣ್ಣದ ಸಿಪ್ಪೆ ಕಳಚಿತು. ಕೆಳಗೆ ಬೂದಿ ಬಣ್ಣ. ತಿರುಗಿ ವೀರಾಚಾರಿಯನ್ನು ನೋಡಿದ. ಬೈಯುವ ನೋಟವಲ್ಲ, ಕಾಯುವ ನೋಟ. ಆಮೇಲೆ ಇಳಿದು ಬಂದು, ಬೂದಿ ಪುಡಿ ಹತ್ತಿದ ಕೈಯನ್ನು ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡ.

ದೊರೆ ಕೆಂಡವಾಗಿದ್ದ. "ಬೆಲ್ಲದ ಗಾರೆಯಂತೆ ಬೆಲ್ಲದ ಗಾರೆ. ಕಾಡುಜನರ ವಿದ್ಯೆ ನಂಬಿ ನನ್ನ ಮನೆ ಮುಖ ಕೆಡವಿದೆಯಲ್ಲ ಏಬೆಲ್. ಇವನು ಪರದೇಶಿ, ಹುಡುಗ. ನೀನು ಐವತ್ತು ವರ್ಷ ಇದೇ ಕೆಲಸ ಮಾಡಿದವನು. ಹೊಣೆ ಅಂದವನು ನೀನು."

"ಹೌದು ದೊರೆ" ಅಂದ ಏಬೆಲ್. "ಹೊಣೆ ಅಂದವನು ನಾನೇ."

"ತಿಂಗಳ ಕೊನೆಗೆ ಮನೆ ಖಾಲಿ ಮಾಡು."

ವೀರಾಚಾರಿ ಬಾಯಿ ತೆರೆಯಲು ಹೋದ. ಅರಮನೆಯ ಪತ್ರ ಕಣ್ಣಮುಂದೆ ಬಂತು. ಊರಿನ ಅರಳಿಕಟ್ಟೆ ಕಣ್ಣಮುಂದೆ ಬಂತು. ಅಲ್ಲಿ ತನ್ನ ಕಾಗದವನ್ನು ಅಪ್ಪ ನಾಲ್ಕು ಜನಕ್ಕೆ ಓದಿಸಿ ಕೇಳಿಸುತ್ತಿರುವುದು ಬಂತು. ಸುಮ್ಮನೆ ನಿಂತ. ಗುಂಪು ಚದುರಿತು.

ಮೂರು ದಿನ ಅನ್ನ ಸೇರಲಿಲ್ಲ. ಕಂಡ ಕಂಡವರು ಅವನನ್ನೇ ಸಮಾಧಾನ ಮಾಡಿದರು. "ನೀನೇನು ಮಾಡ್ತೀಯ ಬಿಡಪ್ಪಾ, ಆ ಮುದುಕನಿಗೆ ಅರಳುಮರಳು" ಅಂದ ನೆಡ್. ಅದನ್ನು ಕೇಳಿದ ಮೇಲಂತೂ ಅವನಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ನಾಲ್ಕನೆಯ ದಿನ ಏಬೆಲ್‌ನ ಮನೆಗೆ ಹೋದ. ಮುದುಕ ಉಳಿ, ಸುತ್ತಿಗೆಗಳನ್ನು ಒರೆಸಿ ಗೋಣಿಗೆ ತುಂಬುತ್ತಿದ್ದ.

"ತಾತ, ನೀವು ನೋಡಿದಿರಿ. ಯಾಕೆ ಹೇಳಲಿಲ್ಲ?"

"ಅದು ನಿನ್ನ ಬಾಯಿಂದ ಬರಬೇಕಾದ ಮಾತು. ನಾನೇ ಹೇಳಿಬಿಟ್ಟರೆ ನಿನಗೆ ಏನು ಉಳಿಯುತ್ತೆ?"

ವೀರಾಚಾರಿ ಹೊಸಿಲ ಮೇಲೆ ಕೂತ. ಕೇಳಿದ, "ಗಟ್ಟಿಯಾದರೆ ತಪ್ಪೇನು ತಾತ? ನಮ್ಮೂರಲ್ಲಿ ಸಿಮೆಂಟು ಹಾಕಿದ ಕಲ್ಲು ಹಾಗೇ ಇದೆ."

"ನಿಮ್ಮೂರ ಕಲ್ಲು ಸಿಮೆಂಟಿಗೂ ಜಗ್ಗಲ್ಲ. ನಮ್ಮ ಕಲ್ಲು ಬಡಪಾಯಿ. ಮಳೆ, ಚಳಿ, ಬಿಸಿಲು ಬಂದಾಗ ಇಬ್ಬರಲ್ಲಿ ಒಬ್ಬರು ಸವೀಲೇಬೇಕು. ಗಾರೆ ಸವೆದರೆ ಮೊಮ್ಮಗ ಬಂದು ಮತ್ತೆ ತುಂಬ್ತಾನೆ. ಕಲ್ಲು ಸವೆದರೆ ಏನು ತುಂಬ್ತೀಯ?" ಏಬೆಲ್ ಒಂದು ಉಳಿಯನ್ನು ಬೆಳಕಿಗೆ ಹಿಡಿದು ನೋಡಿ ಗೋಣಿಗೆ ಹಾಕಿದ. "ನನಗೆ ಬೇಜಾರಾಗಿದ್ದು ಅದಕ್ಕಲ್ಲ. ಗಾರೆ ಅರೆಯೋ ಆ ತಾಯಿಯನ್ನ ದೊರೆ ಕಾಡುಜನ ಅಂದ. ನೀನು ಅಲ್ಲೇ ನಿಂತಿದ್ದೆ."

ಅದು ವೀರಾಚಾರಿಯ ಗಮನಕ್ಕೇ ಬಂದಿರಲಿಲ್ಲ. ತನ್ನ ಹೆಸರು ಕಾಯುವ ಗಡಿಬಿಡಿಯಲ್ಲಿ ಹೆತ್ತವಳ ಹೆಸರನ್ನು ಹರಾಜಿಗೆ ಹಾಕಿದ್ದ. ಸಾವಿರಾರು ಮೈಲಿ ಆಚೆ ಅವಳು ಮಗ ದೊಡ್ಡವನಾದ ಅಂತ ಅರೆಯುವ ಗುಂಡು ಉರುಳಿಸುತ್ತಿದ್ದಾಳೆ. ಇಲ್ಲಿ ಅವಳ ಗಾರೆಯ ತಲೆಗೆ ಅವನು ತನ್ನ ತಪ್ಪು ಕಟ್ಟಿ ಕೂತಿದ್ದಾನೆ.

ಎದ್ದು ನೇರ ಬಂಗಲೆಗೆ ಹೋದ. ದೊರೆ, ಲೂಸಿ ಊಟದ ಮೇಜಿನಲ್ಲಿದ್ದರು. ಆಳುಗಳು ಬಡಿಸುತ್ತಿದ್ದರು. ನೆಡ್ ಬೆಂಕಿಗೂಡಿಗೆ ಸೌದೆ ಹಾಕುತ್ತಿದ್ದ.

"ದೊರೆಗಳೇ, ಬೆಲ್ಲ ಹಾಕಿಲ್ಲ. ಅಳಲೆಕಾಯಿ ಹಾಕಿಲ್ಲ. ನಾನು ಹಾಕಿದ್ದು ಸಿಮೆಂಟು. ಮೇಲೆ ಸುಣ್ಣ ಸವರಿ ಮುಚ್ಚಿದೆ. ತಾತ ಬೇಡ ಅಂದಿದ್ದರು. ಅವರು ಹಾಸಿಗೆ ಹಿಡಿದಾಗ ಮಾಡಿದೆ. ನಮ್ಮವ್ವನ ಗಾರೆ ಕಮಾನು ಕೆಡವಲ್ಲ."

ದೊರೆ ಚಮಚ ಕೆಳಗಿಟ್ಟ. ಅವನೂ ಕನ್ನಡದಲ್ಲೇ ಹೇಳಿದ, "ಲೂಸಿಗೂ ಆಳುಗಳಿಗೂ ಕನ್ನಡ ಬರಲ್ಲ. ನೀನು ಹೇಳಿದ್ದು ನನ್ನೊಬ್ಬನಿಗೆ ತಿಳಿದಿದೆ. ಮುದುಕನನ್ನ ಮನೆಯಲ್ಲಿ ಉಳಿಸ್ತೀನಿ. ನೀನು ಮೊದಲ ಹಡಗಿಗೆ ಹೋಗು."

ತಪ್ಪಿಸಿಕೊಳ್ಳಲು ಇದ್ದ ಬಾಗಿಲು ಅದೊಂದೇ. ಅದೂ ತೆರೆದಿತ್ತು. ವೀರಾಚಾರಿ ಲೂಸಿಯ ಕಡೆ ನೋಡಿದ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಷ್ಟನ್ನೂ ಇಂಗ್ಲಿಷಿನಲ್ಲಿ ಮತ್ತೆ ಮೊದಲಿನಿಂದ ಹೇಳಿದ. ಬರದ ಮಾತು, ತಡವರಿಸುವ ಮಾತು. ಅರ್ಧಕ್ಕೆ ಮಾತು ಸಿಗದೆ ಲಾಯದ ಕಡೆ ಬೆರಳು ತೋರಿಸಿದ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಲೂಸಿ ಎದ್ದು ಒಳಗೆ ಹೋದಳು. ನೆಡ್ ಕೈಯಲ್ಲಿದ್ದ ಸೌದೆಯನ್ನು ಹಾಗೇ ಹಿಡಿದು ನಿಂತಿದ್ದ.

ಸುದ್ದಿ ಕೇಳಿ ಏಬೆಲ್ ಬಂದ. "ಅವನನ್ನ ಈಗ ಕಳಿಸಬೇಡಿ ದೊರೆ" ಅಂದ. "ಹಾಕಿದವನೇ ತೆಗೀಬೇಕು. ನನ್ನ ಬೆರಳಿಗೆ ಆ ಶಕ್ತಿ ಇಲ್ಲ."

ದೊರೆ ಒಪ್ಪಿದ; ಮುದುಕನ ಮನೆಯೂ ಉಳಿಯಿತು. ಸಿಮೆಂಟು ಹಾಕಲು ಎರಡು ದಿನ ಸಾಕಾಗಿತ್ತು. ತೆಗೆಯಲು ಎರಡು ತಿಂಗಳು ಬೇಕಾಯಿತು. ಮತ್ತೆ ಆಸರೆ ಮರ ನಿಲ್ಲಿಸಿದರು. ಕಿರುಬೆರಳಷ್ಟು ಉಳಿ ಹಿಡಿದು ವೀರಾಚಾರಿ ಸಂದು ಸಂದು ಬಿಡಿಸಿದ. ಆದರೆ ಅವನ ಮೂರು ಕಲ್ಲು ಬಿಟ್ಟುಕೊಡಲಿಲ್ಲ. ಸಿಮೆಂಟು ಅವುಗಳನ್ನು ಹಳೆಯ ಕಲ್ಲಿಗೆ ಬೆಸೆದುಬಿಟ್ಟಿತ್ತು. ಎರಡನ್ನೂ ಉಳಿಸಲು ದಾರಿಯಿರಲಿಲ್ಲ. ಹಳೆಯದು ಉಳಿಯಬೇಕಾದರೆ ಹೊಸದನ್ನು ಒಡೆಯಬೇಕು.

"ನಾನು ಒಡೀಲಾ?" ಅಂತ ಕೇಳಿದ ಏಬೆಲ್.

"ಬೇಡ ತಾತ."

ಅವತ್ತು ಭಾನುವಾರ. ಚರ್ಚು ಮುಗಿಸಿದ ಜನ ಎಂದಿನಂತೆ ಬಂದಿದ್ದರು. ಅವರ ಎದುರಿಗೇ ವೀರಾಚಾರಿ ತನ್ನ ಎಲೆಯ ಮೇಲೆ ಉಳಿಯಿಟ್ಟು ಹೊಡೆದ. ನರ ಎಣಿಸುವ ಎಲೆ ಹೋಯಿತು. ದ್ರಾಕ್ಷಿ ಹೋಯಿತು. ಇರುವೆಯ ಹತ್ತಿರ ಬಂದಾಗ ಕೈ ಒಂದು ಸಲ ನಿಂತಿತು. ಆಮೇಲೆ ಅದೂ ಹೋಯಿತು.

ಏಪ್ರಿಲ್ಲಿನಲ್ಲಿ ಲೂಸಿ ಆಸರೆ ಮರಗಳ ಕೆಳಗೇ ಹಾದುಹೋದಳು. ಬೇಡ ಬೇಡ ಅಂದುಕೊಂಡರೂ ಮನೆಯ ಪದ್ಧತಿ ಬಿಡಲಿಲ್ಲವೇನೋ, ನೆತ್ತಿಗಲ್ಲಿನ ಕೆಳಗೆ ನಿಂತು ತಲೆಯೆತ್ತಿದಳು. ಅಲ್ಲಿ ಬೋಳು ಗಾಯವಿತ್ತು. ಒಂದು ಗಳಿಗೆ ಅದನ್ನೇ ನೋಡಿ ಗಾಡಿ ಹತ್ತಿದಳು. ಗುಂಪಿನ ಹಿಂದೆ ನಿಂತಿದ್ದ ವೀರಾಚಾರಿ ಅವಳ ಆ ನೋಟವನ್ನು ಕಂಡ. ಮುಂದೆ ಊರಿಗೆ ಮರಳಿದ ಮೇಲೆ ಅವನ ಬದುಕಿನಲ್ಲಿ ಸನ್ಮಾನಗಳೇನೂ ಕಡಿಮೆಯಾಗಲಿಲ್ಲ. ಶಾಲು ಹೊದಿಸುವಾಗೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯ ಅಂದರು.

ಆ ಮದುವೆಯ ಮರುತಿಂಗಳು, ಮೇನಲ್ಲಿ, ಬಿಸಿಲು ಬಂತು. ಅವನು ಹೊಸದಾಗಿ ಕೆತ್ತಿದ ಮೂರು ಕಲ್ಲನ್ನು ಏಬೆಲ್ ಹೇಳಿದಂತೆ ಸುಣ್ಣದ ಗಾರೆಯಲ್ಲಿ ಕೂರಿಸಿದರು. ಈ ಸಲ ಬಳ್ಳಿ ಸರಳವಾಗಿತ್ತು, ಪಕ್ಕದ ಹಳೆಯ ಬಳ್ಳಿಗೆ ಹೊಂದುವಷ್ಟೇ. ಗಾರೆ ಬೇಗ ಒಣಗಿ ಬಿರಿಯದ ಹಾಗೆ ದಿನವೆಲ್ಲ ಒದ್ದೆ ಗೋಣಿ ಹೊದಿಸುತ್ತಿರಬೇಕು. ಊರಿನಲ್ಲಿ ಅದು ಹೆಂಗಸರ ಕೂಲಿ ಕೆಲಸ. ವೀರಾಚಾರಿ ಬಕೆಟ್ಟು ಹಿಡಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಮಾಡಿದ.

ನೆಡ್ ಆ ಕಡೆಯಿಂದ ಹೋಗುತ್ತಾ ಕೆಣಕಿದ. "ಏನಪ್ಪಾ ಶಿಲ್ಪಿ, ಒದ್ದೆ ಬಟ್ಟೆ ಹಾಕ್ತಾ ಇದೀಯ. ಕಲ್ಲಿಗೆ ಜ್ವರಾನಾ?"

ಹಳೆಯ ವೀರಾಚಾರಿಯಾಗಿದ್ದರೆ ನಾಲ್ಕು ಮಾತು ಮುಖಕ್ಕೆ ಹೊಡೆಯುತ್ತಿದ್ದ. ಈಗ ಗೋಣಿ ಹಿಂಡುತ್ತಾ ಹೇಳಿದ, "ಕಲ್ಲಿಗಲ್ಲ ನೆಡ್. ಜ್ವರ ಬಂದಿದ್ದು ನನಗೆ."

ಏಬೆಲ್ ಬಾವಿಯಿಂದ ಇನ್ನೊಂದು ಬಕೆಟ್ಟು ನೀರು ತಂದು ಅವನ ಪಕ್ಕದಲ್ಲಿಟ್ಟ.

ನೀತಿ: ಕಲ್ಲು ಕಲ್ಲನ್ನು ಕೂಡಿಸುವ ಗಾರೆ ಕಲ್ಲಿಗಿಂತ ಮೆತ್ತಗಿರಬೇಕು, ನಾಲ್ಕು ಜನರ ನಡುವೆ ಬದುಕುವವನೂ ಹಾಗೇ. ತಾನೇ ಗಟ್ಟಿ ಎಂದು ಬೀಗುವವನಿಗೆ ಏನೂ ಆಗುವುದಿಲ್ಲ; ಒಡೆಯುವವರು ಅವನ ಪಕ್ಕದಲ್ಲಿರುವವರು. ತಪ್ಪು ಮಾಡಿದಾಗ ಅದನ್ನು ಹಿರಿಯರ ಹೆಸರಿನಲ್ಲಿ ಮುಚ್ಚಬೇಡಿ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಒಪ್ಪಿಕೊಳ್ಳಿ. ಒಪ್ಪಿಕೊಂಡರೂ ಒಡೆದದ್ದು ಕೂಡುವುದಿಲ್ಲ, ನಾಚಿಕೆಯೂ ಹೋಗುವುದಿಲ್ಲ. ಆದರೆ ಉಳಿದದ್ದನ್ನು ಉಳಿಸುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.